ಪುಸ್ತಕ, ಗಿಸ್ತಕ ಮತ್ತು ಪಿಟ್ಟ



ಹೋದ ಭಾನುವಾರದ ಮಾತು. ಚಿತ್ತಾಪುರದ ನಮ್ಮ ಮನೆ ಮುಂದೆ ಶಹಾಬಾದ ಕಲ್ಲು ಹಾಸಿದ ಒಂದು ಕಟ್ಟೆ ಇದೆ. ಸಂಜೆ ಕಲ್ಲಿನ ಕಾವು ಇಳಿದ ಮೇಲೆ ಅಲ್ಲಿ ಕೂತುಕೊಳ್ಳುವುದು ನನ್ನ ರೂಢಿ. ನಾಲ್ಕನೇ ತರಗತಿಯ ಮೊಮ್ಮಗನನ್ನು ಕರೆದು, "ಬಾರಪಾ, ಒಂದು ಪಾಠ ಓದು, ಕೇಳ್ತೀನಿ" ಎಂದೆ. ಅವನು ಆಗಲೇ ಚಪ್ಪಲಿ ಹಾಕಿಕೊಂಡಿದ್ದ.

"ಮುತ್ಯಾ, ನನಗ ಪುಸ್ತಕ ಗಿಸ್ತಕ ಏನೂ ಬ್ಯಾಡ. ಆಡ್ಲಿಕ್ಕ ಹೊಂಟೀನಿ."

"ಪುಸ್ತಕ ಬ್ಯಾಡ ಅಂದ್ರ ತಿಳೀತು. ಈ ಗಿಸ್ತಕ ಅಂದ್ರೇನು?"

ಅವನು ನಿಂತ. ಒಂದು ಕ್ಷಣ ಯೋಚಿಸಿ, "ಗಿಸ್ತಕ ಅಂದ್ರ... ಪುಸ್ತಕ, ನೋಟ್‌ಬುಕ್ಕು, ಪಾಟಿ, ಎಲ್ಲಾ ಅದರಾಗ ಬರ್ತಾವ" ಎಂದ.

"ಯಾರು ಕಲಿಸಿದ್ರು?"

"ಯಾರೂ ಕಲಿಸಿಲ್ಲ. ಹಂಗ ಬರ್ತದ."

ಹಾಗೇ ಬರುತ್ತದೆಯೇ? ನೋಡೋಣವೆಂದು ಅಲ್ಲಿಯೇ ಒಂದು ಪದ ಹುಟ್ಟಿಸಿದೆ. ಯಾವ ನಿಘಂಟಿನಲ್ಲೂ ಇಲ್ಲದ ಪದ. "ಸಮಟೆ ಅಂತ ಒಂದು ಸಾಮಾನು ಅದ ಅಂತ ತಿಳಕೋ. ಅದು ನಿನಗ ಬ್ಯಾಡ. ಹೆಂಗ ಹೇಳ್ತಿ?"

"ಸಮಟಿ ಗಿಮಟಿ ಬ್ಯಾಡ."

"ಲೋಬಾರಿ?"

"ಲೋಬಾರಿ ಗೀಬಾರಿ ಬ್ಯಾಡ. ಹೋಗ್ಲ್ಯಾ ಇನ್ನ?"

ಮಕ್ಕಳೇ, ಇಲ್ಲಿ ಸ್ವಲ್ಪ ನಿಲ್ಲಿ. ಸಮಟೆಗೆ ಗಿಡ್ಡ 'ಗಿ' ಬಂತು, ಲೋಬಾರಿಗೆ ಉದ್ದ 'ಗೀ' ಬಂತು. ಯಾಕೆ? 'ಸ' ಹ್ರಸ್ವ, 'ಲೋ' ದೀರ್ಘ. ಪದದ ಮೊದಲ ಅಕ್ಷರ ಹ್ರಸ್ವವಾದರೆ ಗಿ, ದೀರ್ಘವಾದರೆ ಗೀ. ಉಳಿದ ಭಾಗ ಇದ್ದಂತೆಯೇ. ಹಾವು ಗೀವು, ಮಳೆ ಗಿಳೆ, ಚಾ ಗೀ. ಹುಡುಗ ಈ ನಿಯಮವನ್ನು ಎಲ್ಲಿಯೂ ಓದಿಲ್ಲ. ಕೇಳಿದರೆ ಹೇಳಲೂ ಅವನಿಗೆ ಬಾರದು. ಆದರೆ ನಾನು ಆಗತಾನೆ ಹುಟ್ಟಿಸಿದ ಪದಕ್ಕೆ ಅದನ್ನು ತಪ್ಪಿಲ್ಲದೆ ಹಚ್ಚಿದ. ಇನ್ನೂ ಒಂದು ಸಂಗತಿ ಗಮನಿಸಿ. ನಾನು 'ಸಮಟೆ' ಎಂದೆ, ಅವನು 'ಸಮಟಿ' ಎಂದ. ನಮ್ಮ ಕಡೆ 'ಮನೆ' 'ಮನಿ' ಆಗುತ್ತದೆ, 'ಕತೆ' 'ಕತಿ' ಆಗುತ್ತದೆ. ಹುಟ್ಟಿ ಎರಡು ಕ್ಷಣ ಆಗಿರಲಿಲ್ಲ, ಆ ಪದ ನಮ್ಮೂರಿನದೇ ಆಗಿಬಿಟ್ಟಿತ್ತು!

ಇಂಥ ಜೋಡಿಗೆ ಭಾಷಾ ವಿದ್ವಾಂಸರು ಪ್ರತಿಧ್ವನಿ ಪದ ಎನ್ನುತ್ತಾರೆ. ನಮ್ಮ ಆಯಿ ಇದರ ಮೇಲೆಯೇ ಒಂದು ಕತೆ ಹೇಳುತ್ತಿದ್ದಳು. ಕಾಡಂಚಿನ ಗುಡಿಸಲಿನಲ್ಲಿ ಒಬ್ಬ ಮುದುಕಿ. ಕತ್ತಲಾದಾಗ, "ಬಾಗಿಲು ಹಾಕ್ರಿ, ಹುಲಿ ಗಿಲಿ ಬಂದೀತು" ಎಂದಳಂತೆ. ಹೊರಗೆ ಹೊಂಚು ಹಾಕಿದ್ದ ಹುಲಿಗೆ ಅದು ಕೇಳಿಸಿತು. "ಹುಲಿ ಅಂದ್ರ ನಾನು. ಈ ಗಿಲಿ ಯಾರು? ನನಗಿಂತ ದೊಡ್ಡದಿರಬೇಕು" ಎಂದು ಬಾಲ ಮುದುರಿ ಓಡಿತಂತೆ. ದಕ್ಷಿಣ ಭಾರತದ ಭಾಷೆಗಳನ್ನು ಅಭ್ಯಾಸ ಮಾಡಿದ ಎಂ. ಬಿ. ಎಮೆನೋ ಎಂಬ ವಿದ್ವಾಂಸರು ಇಂಥ ಪ್ರತಿಧ್ವನಿ ಪದದ ಕತೆಗಳ ಬಗ್ಗೆಯೇ 1938ರಲ್ಲಿ ಒಂದು ಲೇಖನ ಬರೆದರು. ನಮ್ಮ ಆಯಿಗೆ ಅದು ಗೊತ್ತಿರಲಿಲ್ಲ. ಗೊತ್ತಿದ್ದರೆ ನಗುತ್ತಿದ್ದಳು.

ಈ 'ಗಿ' ಕನ್ನಡದ ಗುರುತು, ತೆಲುಗಿನವರದೂ ಹೌದು. ಉರ್ದು ಮಾತಾಡುವ ನಮ್ಮ ನೆರೆಯವರು 'ಚಾಯ್ ವಾಯ್' ಎನ್ನುತ್ತಾರೆ. ಮರಾಠಿಯವರು 'ಚಹಾ ಬಿಹಾ' ಎನ್ನುತ್ತಾರೆ. ನಾಲ್ಕೂ ದಿಕ್ಕಿನ ರೈಲು ಬರುವ ವಾಡಿ ಜಂಕ್ಷನ್ನಿನಲ್ಲಿ ಒಂದು ಗಂಟೆ ಕೂತು ಕೇಳಿ. ಚಹಾದ ಹಿಂದೆ ಬರುವ ಆ ಅರ್ಥವಿಲ್ಲದ ಮಾತಿನಿಂದಲೇ ಯಾರ ಮನೆಮಾತು ಯಾವುದೆಂದು ಹೇಳಿಬಿಡಬಹುದು.

ಸಮಟಿ ಗಿಮಟಿ ಕೇಳಿದ ಮೇಲೆ ನನಗೆ ಅಮೆರಿಕದ ಒಂದು ಹಕ್ಕಿ ನೆನಪಾಯಿತು. ಅದರ ಹೆಸರು ವಗ್. ಇದು ಆಕಾಶದಲ್ಲಿ ಹಾರುವ ಹಕ್ಕಿಯಲ್ಲ, ಕಾಗದದ ಮೇಲಿನ ಹಕ್ಕಿ. ಜೀನ್ ಬರ್ಕೋ ಎಂಬ ತರುಣ ವಿದ್ವಾಂಸೆ ಅದನ್ನು ಬರೆದು, ಹೆಸರನ್ನೂ ತಾವೇ ಕಟ್ಟಿದರು. ನಾಲ್ಕರಿಂದ ಏಳು ವರ್ಷದ ಮಕ್ಕಳಿಗೆ ಚಿತ್ರ ತೋರಿಸಿ, "ಇದು ಒಂದು ವಗ್. ಈಗ ಇನ್ನೊಂದು ಬಂತು. ಈಗ ಎರಡು...?" ಎಂದು ಕೇಳಿ ಸುಮ್ಮನಾಗುತ್ತಿದ್ದರು. ಮಕ್ಕಳು "ವಗ್ಸ್" ಎಂದು ವಾಕ್ಯ ಮುಗಿಸುತ್ತಿದ್ದರು. 1958ರಲ್ಲಿ ಈ ಅಧ್ಯಯನ ಪ್ರಕಟವಾಯಿತು. ಅದರ ಹೆಸರು ಇಂದಿಗೂ ವಗ್ ಪರೀಕ್ಷೆ.

ಇದರಲ್ಲಿ ಏನು ದೊಡ್ಡದು ಎನ್ನುತ್ತೀರಾ? ಮಗು ಮಾತು ಕಲಿಯುವುದು ಗಿಣಿಯ ಹಾಗೆ, ಕೇಳಿದ್ದನ್ನು ಮರಳಿ ಹೇಳುತ್ತದೆ, ಅಷ್ಟೇ ಎಂದು ನಂಬಿದವರು ಆಗ ಬಹಳ ಜನ ಇದ್ದರು. 'ಎರಡು ನಾಯಿ' ಎನ್ನುವುದನ್ನು ಮಗು ಎಲ್ಲಿಯೋ ಕೇಳಿರಬಹುದು. ವಗ್ ಎಂಬ ಪದವನ್ನು ಲೋಕದಲ್ಲಿ ಯಾರೂ ಕೇಳಿರಲಿಲ್ಲ. ಕೇಳದ ಪದಕ್ಕೆ ಸರಿಯಾದ ಬಾಲ ಹಚ್ಚಬೇಕಾದರೆ ಒಳಗೆ ನಿಯಮ ಇರಲೇಬೇಕು. ಅರ್ಥವಿರುವ ಪದ ಕೊಟ್ಟಿದ್ದರೆ ಈ ಗುಟ್ಟು ಹೊರಗೆ ಬರುತ್ತಿರಲಿಲ್ಲ. ಅರ್ಥವಿಲ್ಲದ ಪದದಿಂದ ಬಂತು.

ಮೊಮ್ಮಗ ಆಡುವುದನ್ನು ಮರೆತು ಕಟ್ಟೆಯ ಮೇಲೆ ಕೂತ. ಎದುರು ಮನೆಯ ಮೂರನೇ ತರಗತಿಯ ಹುಡುಗಿಯೂ ಬಂದಳು. ನಾನು ಸೀಮೆಸುಣ್ಣದಿಂದ ಕಲ್ಲಿನ ಮೇಲೆ ಒಂದು ಡುಮ್ಮ ಹಕ್ಕಿ ಬರೆದೆ. ಕನ್ನಡದಲ್ಲಿ ಇಲ್ಲದ ಒಂದು ಹೆಸರು ಯೋಚಿಸಿ, ಗಂಭೀರವಾಗಿ, "ಇದರ ಹೆಸರು ಪಿಟ್ಟ" ಎಂದೆ.

ಹುಡುಗಿ ಬಾಯಿ ಮುಚ್ಚಿಕೊಂಡು ನಗತೊಡಗಿದಳು. "ಮುತ್ಯಾ, ಇದು ಸುಳ್ಳು ಹೆಸರಲ್ಲ. ನಮ್ಮ ಅಮ್ಮಮ್ಮ ಗುಬ್ಬಿ ನೋಡಿದ್ರ ಪಿಟ್ಟ ಅಂತಾಳ!"

ಅವಳ ತಾಯಿಯ ತವರು ಸೇಡಂ ಆಚೆ, ತೆಲುಗು ಸೀಮೆಯ ಅಂಚಿನಲ್ಲಿ. ತೆಲುಗಿನಲ್ಲಿ ಪಿಟ್ಟ ಎಂದರೆ ಹಕ್ಕಿಯೇ! ನಾನು ಹಕ್ಕಿಯ ಚಿತ್ರ ಬರೆದು, ಅದಕ್ಕೆ ಹಕ್ಕಿ ಎಂದೇ ಹೆಸರಿಟ್ಟು, ಇದು ಅರ್ಥವಿಲ್ಲದ ಪದ ಎಂದು ಹೇಳಿದ ಹಾಗಾಯಿತು. ನಮ್ಮಂಥ ಊರಿನಲ್ಲಿ ಸುಳ್ಳು ಪದ ಕಟ್ಟುವುದೂ ಸುಲಭವಲ್ಲ ನೋಡಿ. ಕನ್ನಡ, ಉರ್ದು, ತೆಲುಗು, ಮರಾಠಿ, ಲಂಬಾಣಿ ಐದನ್ನೂ ಕೇಳಿಕೊಂಡೇ ಕಟ್ಟಬೇಕು. ಒಬ್ಬರಿಗೆ ಬರಿಯ ಸದ್ದು, ಇನ್ನೊಬ್ಬರ ಅಜ್ಜಿಯ ಬಾಯಲ್ಲಿ ಗುಬ್ಬಿ.

ಕಡೆಗೆ ಇಬ್ಬರೂ ಒಪ್ಪಿದ ಹೆಸರು 'ಲಿಬ್ಬ'. ಆದರೆ "ಎರಡು...?" ಎಂದು ಕೇಳಿದರೆ ನಮ್ಮಲ್ಲಿ ಉಪಯೋಗವಿಲ್ಲ. ಕನ್ನಡದ ಆಡುಮಾತಿನಲ್ಲಿ 'ಎರಡು ಹಕ್ಕಿ' ಎಂದರೆ ಸಾಕು, 'ಗಳು' ಬೇಕಿಲ್ಲ. ಬೇರೆ ಭಾಷೆಯ ಪರೀಕ್ಷೆಯನ್ನು ಹಾಗೆಯೇ ಎತ್ತಿಕೊಂಡು ಬಂದರೆ ನಡೆಯುವುದಿಲ್ಲ. ನಾನು ಬೇರೆ ರೀತಿ ಕೇಳಿದೆ.

"ಲಿಬ್ಬ ಒಂದು ಹಕ್ಕಿ. ಅದರ ಮುಂದ ನೀರು ಇಟ್ಟಿ. ಯಾವುದಕ್ಕ ಇಟ್ಟಿ?"

"ಲಿಬ್ಬಕ್ಕ."

"ಈಗ ಲಿಬ್ಬ ಹಕ್ಕಿ ಅಲ್ಲ, ಒಬ್ಬ ಮನುಷ್ಯಾ. ಅವನಿಗೂ ನೀರು ಕೊಟ್ಟಿ. ಯಾರಿಗೆ?"

"ಲಿಬ್ಬಗ!" ಎಂದರು ಇಬ್ಬರೂ ಒಟ್ಟಿಗೆ.

ಪುಸ್ತಕದ ಕನ್ನಡದಲ್ಲಿ ಹೇಳುವುದಾದರೆ, ಹಕ್ಕಿಯಾದರೆ 'ಲಿಬ್ಬಕ್ಕೆ', ಮನುಷ್ಯನಾದರೆ 'ಲಿಬ್ಬನಿಗೆ'. ಮರಕ್ಕೆ, ಮೊಲಕ್ಕೆ, ಆದರೆ ರಾಮನಿಗೆ, ಹುಡುಗನಿಗೆ. ಹಕ್ಕಿಯಾದರೆ 'ಎರಡು', ಮನುಷ್ಯರಾದರೆ 'ಇಬ್ಬರು'. ಪದ ಅದೇ, ಸದ್ದು ಅದೇ. ಅದು ಪ್ರಾಣಿಯೋ ಮನುಷ್ಯನೋ ಎನ್ನುವುದರ ಮೇಲೆ ವಿಭಕ್ತಿ ಬದಲಾಯಿತು. 'ಚತುರ್ಥೀ ವಿಭಕ್ತಿ' ಎಂದರೆ ಹೆದರುವ ಮಕ್ಕಳು ಚತುರ್ಥಿಯನ್ನು ಬಾಯಲ್ಲೇ ಇಟ್ಟುಕೊಂಡು ತಿರುಗುತ್ತಿದ್ದಾರೆ.

ನಮ್ಮ ನೆರೆಯ ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ' ಕನ್ನಡ ನಾಡಿನ ಜನರನ್ನು ಹೊಗಳುತ್ತ, ಅವರು ಓದಿ ಕಲಿಯದಿದ್ದರೂ ಕಾವ್ಯದ ಮಾತಿನಲ್ಲಿ ಪಳಗಿದವರು ಎನ್ನುತ್ತದೆ. ಅದನ್ನು ಪಾಠ ಮಾಡುವಾಗ, ನಮ್ಮವರ ಮೇಲಿನ ಅಭಿಮಾನದಿಂದ ಬರೆದದ್ದು ಎಂದುಕೊಳ್ಳುತ್ತಿದ್ದೆ. ಕಟ್ಟೆಯ ಮೇಲೆ ಲಿಬ್ಬನಿಗೂ ಲಿಬ್ಬಕ್ಕೂ ನೀರು ಕೊಟ್ಟ ಮಕ್ಕಳನ್ನು ನೋಡಿದಾಗ, ಕಾವ್ಯದ ಮಾತು ಇರಲಿ, ವ್ಯಾಕರಣದ ಮಟ್ಟಿಗೆ ಅದು ಅಕ್ಷರಶಃ ನಿಜ ಎನ್ನಿಸಿತು.

ಇಲ್ಲಿಯವರೆಗೆ ಆಟ. ಆದರೆ ಇಂಥ ಪದದ ಬೆಲೆ ನನಗೆ ತಿಳಿದದ್ದು ಆಟದಿಂದಲ್ಲ, ನಾನೇ ಮಾಡಿದ ಒಂದು ತಪ್ಪಿನಿಂದ. ಅದನ್ನೂ ಹೇಳಬೇಕು.

ಸುಮಾರು 35 ವರ್ಷದ ಹಿಂದೆ ನಾನು ಒಂದು ಹಳ್ಳಿಯ ಶಾಲೆಯಲ್ಲಿ ಮಾಸ್ತರನಾಗಿದ್ದೆ. ಮೂರನೇ ತರಗತಿಯಲ್ಲಿ ತಾಂಡಾದಿಂದ ಬರುವ ಒಬ್ಬ ಹುಡುಗ. ಮನೆಯಲ್ಲಿ ಲಂಬಾಣಿ ಮಾತು. ಕನ್ನಡ ಪಾಠ ಓದು ಎಂದರೆ ಒಂದು ಕಡೆಯೂ ತಡೆಯದೆ ಗಡಗಡ ಓದುತ್ತಿದ್ದ. ತಪಾಸಣೆಗೆ ಸಾಹೇಬರು ಬಂದಾಗ ನಾನು ಮೊದಲು ಎಬ್ಬಿಸಿದ್ದು ಅವನನ್ನೇ. ಅವರು ಬೆನ್ನು ತಟ್ಟಿದರು, ನಾನು ಬೀಗಿದೆ.

ಅವನ ಅಪ್ಪ ಮುಂಬೈಗೆ ಗುಳೆ ಹೋಗಿದ್ದ. ಒಂದು ದಿನ ಹೊತ್ತು ಮುಳುಗುವಾಗ ಹುಡುಗ ನನ್ನ ಮನೆಗೆ ಬಂದ. ಕೈಯಲ್ಲಿ ನೀಲಿ ಇನ್‌ಲ್ಯಾಂಡ್ ಪತ್ರ. ಅಪ್ಪ ಯಾರಿಂದಲೋ ಕನ್ನಡದಲ್ಲಿ ಬರೆಸಿ ಕಳಿಸಿದ್ದು. ಬಾಗಿಲ ಹೊರಗೆ ಅವನ ತಾಯಿ ಸೆರಗು ಮರೆಮಾಡಿ ನಿಂತಿದ್ದಳು.

"ಸರ್, ಓದಿ ಹೇಳ್ರಿ."

"ನೀನೇ ಓದಪಾ. ನಿನಗಿಂತ ಚಂದ ಯಾರು ಓದ್ತಾರ?"

ಅವನು ಪತ್ರವನ್ನು ನೋಡಿದ, ನನ್ನನ್ನು ನೋಡಿದ. ಬಹಳ ಸಣ್ಣ ದನಿಯಲ್ಲಿ ಹೇಳಿದ: "ಸರ್, ಇದರಾಗ ಚಿತ್ರ ಇಲ್ರಿ."

ಆಗ ತಿಳಿಯಿತು. ಇಡೀ ವರ್ಷ ಅವನು ಓದಿರಲೇ ಇಲ್ಲ. ಪಾಠದ ಮೇಲಿನ ಚಿತ್ರ ನೋಡಿ, ಇದು ಯಾವ ಪಾಠವೆಂದು ಗುರುತು ಹಿಡಿದು, ಬೇರೆ ಮಕ್ಕಳು ಓದುವಾಗ ಕೇಳಿದ್ದನ್ನು ಮೊದಲಿನಿಂದ ಕೊನೆಯವರೆಗೆ ಬಾಯಿಂದ ಹೇಳುತ್ತಿದ್ದ. ಬೆರಳು ಸಾಲಿನ ಮೇಲೆ ಓಡುತ್ತಿತ್ತು. ನಾನು ಬೆರಳನ್ನು ನೋಡುತ್ತಿದ್ದೆ. ಕಪ್ಪು ಹಲಗೆಯ ಮೇಲೆ ಒಂದೇ ಒಂದು ಅರ್ಥವಿಲ್ಲದ ಪದ, 'ಲಸಬಿ' ಎಂದೋ ಮತ್ತೇನೋ ಬರೆದು ಓದಿಸಿದ್ದರೆ ಜೂನ್ ತಿಂಗಳಲ್ಲೇ ಗೊತ್ತಾಗುತ್ತಿತ್ತು. ಅಂಥ ಪದ ನೆನಪಿನಲ್ಲಿ ಇರುವುದಿಲ್ಲ, ಊಹೆಗೆ ಸಿಗುವುದಿಲ್ಲ. ಅಕ್ಷರ ಕೂಡಿಸಲು ಬಂದರೆ ಮಾತ್ರ ಬಾಯಿಗೆ ಬರುತ್ತದೆ.

ಆ ರಾತ್ರಿ ನನಗೆ ಹುಡುಗನ ಮೇಲೆ ಸಿಟ್ಟು ಬಂದಿತ್ತು. ಅದು ಎಷ್ಟು ಅನ್ಯಾಯವೆಂದು ಮುಂದೆ ಎಷ್ಟೋ ವರ್ಷದ ಮೇಲೆ ಒಂದು ಸಂಗತಿ ಓದಿದಾಗ ತಿಳಿಯಿತು. ಜರ್ಮನಿಯಲ್ಲಿ ಹರ್ಮನ್ ಎಬಿಂಗ್‌ಹೌಸ್ ಎಂಬ ವಿದ್ವಾಂಸರಿದ್ದರು. ಮನುಷ್ಯನ ನೆನಪು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಲು ಅವರು ಸುಮಾರು 2,300 ಅರ್ಥವಿಲ್ಲದ ತುಂಡುಗಳನ್ನು ಕಟ್ಟಿ, ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂದು ಅಳೆದರು. 1885ರಲ್ಲಿ ಅದನ್ನು ಪುಸ್ತಕವಾಗಿ ತಂದರು. ಅರ್ಥವಿಲ್ಲದ್ದನ್ನು ನೆನಪಿಡುವುದು ಬಹಳ ಕಷ್ಟ, ಮರೆಯುವುದು ಬಹಳ ಬೇಗ ಎಂದು ಅವರಿಗೆ ಕಂಡಿತು.

ಈಗ ಆ ಹುಡುಗನನ್ನು ನೆನೆಯಿರಿ. ಕನ್ನಡ ಇನ್ನೂ ಪೂರ್ತಿ ಹತ್ತದ ಅವನಿಗೆ ನಮ್ಮ ಪಾಠದ ಎಷ್ಟೋ ಸಾಲು ಬರಿಯ ಸದ್ದೇ ಆಗಿರಬೇಕು. ಸಮಟೆ, ಲೋಬಾರಿ ಇದ್ದ ಹಾಗೆ. ಅಂಥ ಸದ್ದುಗಳನ್ನು ಪುಟಗಟ್ಟಲೆ ತಲೆಯಲ್ಲಿ ಹೊತ್ತುಕೊಂಡು ಬರುತ್ತಿದ್ದ. ಅವನನ್ನು ದಡ್ಡ ಎನ್ನುವವರು ಒಂದು ಪುಟ ಲಂಬಾಣಿಯನ್ನು ಹಾಗೆ ಹೇಳಿ ತೋರಿಸಲಿ.

ಮರುದಿನದಿಂದ ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ನಾವಿಬ್ಬರೂ ಕೂರುತ್ತಿದ್ದೆವು. ಹಳೆಯ ಕ್ಯಾಲೆಂಡರ್ ಕತ್ತರಿಸಿ ಅಕ್ಷರದ ಚೀಟಿ ಮಾಡಿದೆ. ಚೀಟಿ ಕಲಸಿ ಮೂರು ಎತ್ತಿ ಸಾಲಾಗಿ ಇಡುವುದು, ಬಂದದ್ದನ್ನು ಓದುವುದು. ಹತ್ತರಲ್ಲಿ ಒಂಬತ್ತು ಅರ್ಥವಿಲ್ಲದವು. ಅವನು ಒಂದೊಂದಕ್ಕೂ ನಗುತ್ತಿದ್ದ. ಪಾಠದಲ್ಲಿ ಗೊತ್ತಿಲ್ಲದ ಪದ ಬಂದರೆ ತಲೆ ತಗ್ಗಿಸುತ್ತಿದ್ದ ಹುಡುಗ, ಇಲ್ಲಿ ತಗ್ಗಿಸಲಿಲ್ಲ. ಯಾಕೆಂದರೆ 'ಟಲಮಿ' ಎಂದರೆ ಏನೆಂದು ಮಾಸ್ತರನಿಗೂ ಗೊತ್ತಿರಲಿಲ್ಲ! ಆ ಪದ ಅವನ ಮನೆಯದೂ ಅಲ್ಲ, ನನ್ನ ಮನೆಯದೂ ಅಲ್ಲ. ಅದರ ಮುಂದೆ ಇಬ್ಬರೂ ಸಮ.

ಮುಂದಿನ ಪತ್ರ ಬಂದಾಗ ಅವನೇ ಬಿಚ್ಚಿದ. ಅರ್ಧ ಓದಿದ. ಒತ್ತಕ್ಷರ ಬಂದಲ್ಲಿ ನಿಂತು ನನ್ನ ಕಡೆ ನೋಡಿದ. ಉಳಿದರ್ಧ ಇಬ್ಬರೂ ಕೂಡಿ ಓದಿದೆವು. ಅವನ ತಾಯಿ ಆ ದಿನ ಬಾಗಿಲ ಹೊರಗೆ ನಿಲ್ಲಲಿಲ್ಲ, ಒಳಗೆ ಬಂದು ಕೂತಳು.

ನಾನು ಗತಿಯಿಲ್ಲದೆ ಹುಡುಕಿಕೊಂಡ ಈ ದಾರಿಯಲ್ಲಿ ಈಗ ದೊಡ್ಡ ದೊಡ್ಡ ದೇಶಗಳೇ ನಡೆಯುತ್ತಿವೆ. ಇಂಗ್ಲೆಂಡಿನಲ್ಲಿ 2012ರಿಂದ ಐದಾರು ವರ್ಷದ ಮಕ್ಕಳಿಗೆ ಓದಿನ ಒಂದು ಪರೀಕ್ಷೆ ಇದೆ. 40 ಪದ, ಅದರಲ್ಲಿ 20 ನಿಜ, 20 ಸುಳ್ಳು. ಸುಳ್ಳು ಪದದ ಪಕ್ಕದಲ್ಲಿ ಒಂದು ವಿಚಿತ್ರ ಪ್ರಾಣಿಯ ಚಿತ್ರ ಇರುತ್ತದೆ, ಮಗು ಅರ್ಥ ಹುಡುಕುತ್ತ ಕೂರದಿರಲಿ ಎಂದು. ಇದಕ್ಕೆ ತಕರಾರೂ ಇದೆ. ಚೆನ್ನಾಗಿ ಓದುವ ಮಕ್ಕಳು ಸುಳ್ಳು ಪದವನ್ನು ತಮಗೆ ಗೊತ್ತಿರುವ ನಿಜ ಪದವಾಗಿ ತಿದ್ದಿ ಓದಿ ಅಂಕ ಕಳೆದುಕೊಳ್ಳುತ್ತಾರೆ ಎಂದು ಅಲ್ಲಿಯ ಕೆಲವು ಶಿಕ್ಷಕರು ಹೇಳುತ್ತಾರೆ. ಆ ಮಾತೂ ಸರಿಯೇ. ಓದಿನ ಗುರಿ ಅರ್ಥವೇ ಹೊರತು ಸದ್ದಲ್ಲ. ಸುಳ್ಳು ಪದ ಜ್ವರ ನೋಡುವ ಕಡ್ಡಿಯ ಹಾಗೆ. ಜ್ವರ ಇದೆಯೇ ಎಂದು ಹೇಳುತ್ತದೆ, ಹೊಟ್ಟೆ ತುಂಬಿಸುವುದಿಲ್ಲ. ಹೊಟ್ಟೆಗೆ ಕತೆ ಬೇಕು.

ಅಜ್ಜ ಅಜ್ಜಿಯರಿಗೆ ಒಂದು ಮಾತು. ಮೂರನೇ ತರಗತಿಗೆ ಬಂದರೂ ಓದಲು ತಡವರಿಸುತ್ತದೆ ಎಂದು ಮಗುವನ್ನು ಬೈಯಬೇಡಿ. ಕನ್ನಡದ 34 ವ್ಯಂಜನಕ್ಕೆ 13 ಸ್ವರದ ಗುಣಿತ ಹಚ್ಚಿದರೆ 442 ರೂಪ ಆಗುತ್ತವೆ, ಒತ್ತಕ್ಷರ ಬೇರೆ. ಕನ್ನಡ ಓದು ಕಲಿಯುವ ಮಕ್ಕಳನ್ನು ಅಭ್ಯಾಸ ಮಾಡಿದ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಈ ಅಕ್ಷರಗಳ ಕಲಿಕೆ ನಾಲ್ಕನೇ ತರಗತಿಯವರೆಗೂ ಸಾಗುತ್ತದೆ ಎಂದು ತೋರಿಸಿದ್ದಾರೆ. ತಡವರಿಸುವ ಮಗುವಿಗೆ ಬೇಕಾದದ್ದು ಪೆಟ್ಟಲ್ಲ, ಪಕ್ಕದಲ್ಲಿ ಕೂರುವ ಒಬ್ಬರು.

ಈ ವಾರದ ಆಟ ಹೀಗೆ. ಹಳೆಯ ಲಗ್ನಪತ್ರಿಕೆ ಕತ್ತರಿಸಿ 30 ಚೀಟಿ ಮಾಡಿ. 20ರ ಮೇಲೆ ಬಿಡಿ ಅಕ್ಷರ, ಹತ್ತರ ಮೇಲೆ ಕಾ, ಮಿ, ಲು, ಸೆ ಇಂಥ ಗುಣಿತಾಕ್ಷರ ಬರೆಯಿರಿ. ಕಲಸಿ ಮೂರು ಎತ್ತಿ. ಮೊದಲು ಮಗು ಓದಲಿ, ಆಮೇಲೆ ಅಜ್ಜಿ ಕನ್ನಡಕ ಹಾಕಿಕೊಂಡು ಓದಲಿ. ಬಂದ ಪದಕ್ಕೆ ಗಿ-ಗೀ ಹಚ್ಚಿ. ಅದು ಪ್ರಾಣಿಯೋ ಮನುಷ್ಯನೋ ತೀರ್ಮಾನಿಸಿ, ಅದರ ಚಿತ್ರ ಬರೆದು, ಅದಕ್ಕೆ ಅಥವಾ ಅವನಿಗೆ ಊಟ ಕೊಡಿ. ಅಂಕ ಮಾತ್ರ ಕೊಡಬೇಡಿ. ಪಕ್ಕದ ಮನೆಯಲ್ಲಿ ಬೇರೆ ಭಾಷೆಯವರಿದ್ದರೆ ಅವರ ಮಕ್ಕಳನ್ನೂ ಕರೆಯಿರಿ. ನಿಮ್ಮ ಸುಳ್ಳು ಪದ ಅವರ ಮನೆಯಲ್ಲಿ ನಿಜವಾಗಿ ಬದುಕುತ್ತಿರಬಹುದು.

ಒಂದು ಒಗಟನ್ನೂ ಬಿಟ್ಟು ಹೋಗುತ್ತೇನೆ. 'ಗಿಣಿ' ಎನ್ನುವುದಕ್ಕೆ ಗಿ ಹಚ್ಚಿದರೆ 'ಗಿಣಿ ಗಿಣಿ' ಆಗುತ್ತದೆ, ಪ್ರತಿಧ್ವನಿಯೇ ಕೇಳಿಸುವುದಿಲ್ಲ. ಹಾಗಾದರೆ ನಿಮ್ಮ ಮನೆಯಲ್ಲಿ ಏನನ್ನುತ್ತೀರಿ? ಅಜ್ಜಿಯನ್ನು ಕೇಳಿ, ನನಗೆ ಬರೆಯಿರಿ. ಮೊಮ್ಮಗನನ್ನು ಕೇಳಿದೆ. ಅವನು ಬಾಯಿ ತೆರೆದ, ನಿಂತ, ಮತ್ತೆ ತೆರೆದ. ಮೊದಲ ಸಲ ಅವನಿಗೆ ಹಂಗೇ ಬರಲಿಲ್ಲ.

"ತಡಿ ಮುತ್ಯಾ" ಎಂದು ಚಪ್ಪಲಿ ಬಿಟ್ಟು ಒಳಗೆ ಓಡಿದ. ಪುಸ್ತಕದಲ್ಲಿ ಇದೆಯೇನೋ ನೋಡಲು.